ಸೂಜಿಯನ್ನು ಎಲ್ಲಿ ಚುಚ್ಚಬೇಕು? ಅಕ್ಯುಪಂಕ್ಚರ್ ಕುರಿತು ಒಂದು ಉಪನ್ಯಾಸ

ಮೊದಲು ಸೂಜಿಯನ್ನೇ ನೋಡೋಣ. ನಿಮಗೆ ಹಂಚಿರುವ ಪೊಟ್ಟಣವನ್ನು ಒಡೆಯದೆ ಹಾಗೆಯೇ ಬೆಳಕಿಗೆ ಹಿಡಿಯಿರಿ. ಒಳಗಿರುವುದು ತುಕ್ಕು ಹಿಡಿಯದ ಉಕ್ಕಿನ ಎಳೆ. ಅದರ ದಪ್ಪ ಸುಮಾರು 0.25 ಮಿಲಿಮೀಟರ್, ಉದ್ದ ಮೂರರಿಂದ ನಾಲ್ಕು ಸೆಂಟಿಮೀಟರ್. ಚುಚ್ಚುಮದ್ದಿನ ಸೂಜಿಯಂತೆ ಇದರೊಳಗೆ ತೂತಿಲ್ಲ, ಆದ್ದರಿಂದ ಇದರ ಮೂಲಕ ಯಾವ ಔಷಧವೂ ದೇಹವನ್ನು ಸೇರುವುದಿಲ್ಲ. ಜೊತೆಗೆ ಸೂಜಿಗಿಂತ ತುಸು ಗಿಡ್ಡವಾದ ಒಂದು ಪ್ಲಾಸ್ಟಿಕ್ ಕೊಳವೆ ಇದೆ. ಕೊಳವೆಯನ್ನು ಚರ್ಮದ ಮೇಲೆ ಒತ್ತಿ ಹಿಡಿದು, ಮೇಲೆ ಚಾಚಿಕೊಂಡಿರುವ ಸೂಜಿಯ ತಲೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದರೆ, ರೋಗಿಗೆ ಗೊತ್ತಾಗುವ ಮೊದಲೇ ತುದಿ ಚರ್ಮವನ್ನು ದಾಟಿರುತ್ತದೆ. ಈ ಕೊಳವೆಯನ್ನು ಬಳಕೆಗೆ ತಂದ ಕೀರ್ತಿ ಹದಿನೇಳನೆಯ ಶತಮಾನದ ಜಪಾನಿನ ಸುಗಿಯಾಮ ವಾಯಿಚಿ ಎಂಬ ಚಿಕಿತ್ಸಕರಿಗೆ ಸಲ್ಲುತ್ತದೆ, ಅವರು ಕುರುಡರಾಗಿದ್ದರು. ಕೊಳವೆಯನ್ನು ತೆಗೆದ ಮೇಲೆ ಚಿಕಿತ್ಸಕರು ಸೂಜಿಯನ್ನು ಇನ್ನಷ್ಟು ಒಳಕ್ಕೆ ಇಳಿಸಿ ಮೆಲ್ಲಗೆ ತಿರುಗಿಸುತ್ತಾರೆ. ಆ ಜಾಗದಲ್ಲಿ ಭಾರ, ಜೋಮು, ಆಳದಿಂದ ಬರುವ ಒಂದು ಬಗೆಯ ಮಂದವಾದ ನೋವು ಕಾಣಿಸಿಕೊಂಡರೆ ಸೂಜಿ ತಕ್ಕ ಜಾಗಕ್ಕೆ ತಲುಪಿದೆ ಎಂದು ಅರ್ಥ. ಚೀನೀಯರು ಇದನ್ನು ‘ದ ಚೀ’ ಎನ್ನುತ್ತಾರೆ. ಬಳಿಕ ಇಪ್ಪತ್ತು ಮೂವತ್ತು ನಿಮಿಷ ರೋಗಿ ಹಾಗೆಯೇ ಮಲಗಿರಬೇಕು.

ಈಗ ಜಾಗದ ವಿಚಾರ. ನಿಮ್ಮ ಮೊಣಕಾಲಿನ ಚಿಪ್ಪಿನ ಕೆಳಗೆ ನಿಮ್ಮದೇ ನಾಲ್ಕು ಬೆರಳುಗಳನ್ನು ಅಡ್ಡಲಾಗಿಟ್ಟು, ಅಲ್ಲಿಂದ ಮುಂಗಾಲಿನ ಮೂಳೆಯ ಹೊರಬದಿಗೆ ಒಂದು ಬೆರಳಿನಷ್ಟು ಸರಿದರೆ ಸಿಗುವ ಬಿಂದುವಿಗೆ ‘ತ್ಸುಸಾನ್‌ಲಿ’ ಎಂದು ಹೆಸರು. ಅಳತೆಗೆ ಬಳಸಬೇಕಾದದ್ದು ಚಿಕಿತ್ಸಕರ ಬೆರಳಲ್ಲ, ರೋಗಿಯದೇ ಬೆರಳು. ಆಯುರ್ವೇದದ ಸ್ವಾಂಗುಲ ಪ್ರಮಾಣವನ್ನು ಬಲ್ಲವರಿಗೆ ಇದು ಹೊಸದೆನಿಸದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಿತ ಪಟ್ಟಿಯಲ್ಲಿ ಇಂತಹ 361 ಬಿಂದುಗಳಿವೆ. ಚೀನಾದ ಶಾಸ್ತ್ರದ ಪ್ರಕಾರ ಇವು ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿ ಹರಿಯುವ ಹಾದಿಗಳ ಮೇಲೆ ಇರುವ ಬಿಂದುಗಳು. ಹಾದಿಯಲ್ಲಿ ತಡೆಯುಂಟಾದರೆ ರೋಗ, ಸೂಜಿಯಿಂದ ತಡೆ ನಿವಾರಣೆಯಾದರೆ ಆರೋಗ್ಯ. ಶವಛೇದನದಲ್ಲಾಗಲಿ ಸೂಕ್ಷ್ಮದರ್ಶಕದಲ್ಲಾಗಲಿ ಈ ಹಾದಿಗಳು ಇದುವರೆಗೆ ಕಂಡಿಲ್ಲ. ಕಂಡಿಲ್ಲ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆಯನ್ನು ತಳ್ಳಿಹಾಕುವುದು ಅವಸರದ ತೀರ್ಮಾನವಾಗುತ್ತದೆ. ಕಾರಣ ತಿಳಿಯುವ ಮೊದಲೇ ಫಲ ಕೊಟ್ಟ ಔಷಧಗಳು ವೈದ್ಯಚರಿತ್ರೆಯಲ್ಲಿ ಬೇಕಾದಷ್ಟಿವೆ. ಆದ್ದರಿಂದ ಪರೀಕ್ಷೆಗೆ ಒಳಪಡಿಸಬಹುದಾದ ಒಂದು ಪ್ರಶ್ನೆಯನ್ನಷ್ಟೇ ಇಂದು ನಿಮ್ಮ ಮುಂದಿಡುತ್ತೇನೆ. ಆ ಬಿಂದುವಿನಲ್ಲೇ ಚುಚ್ಚಬೇಕೇ, ಅಥವಾ ಎಲ್ಲಿ ಚುಚ್ಚಿದರೂ ಆದೀತೇ?

ಅದಕ್ಕೆ ಮೊದಲು ಚರಿತ್ರೆಯನ್ನು ಸ್ವಲ್ಪ ಬಿಡಿಸಬೇಕು, ಏಕೆಂದರೆ ‘ಐದು ಸಾವಿರ ವರ್ಷಗಳ ಚಿಕಿತ್ಸೆ’ ಎಂಬ ಮಾತನ್ನು ನೀವೆಲ್ಲರೂ ಕೇಳಿರುತ್ತೀರಿ. 1973ರಲ್ಲಿ ಚೀನಾದ ಛಾಂಗ್‌ಶಾ ನಗರದ ಬಳಿಯ ಮಾವಾಂಗ್‌ದುಯಿ ಎಂಬಲ್ಲಿ, ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ್ದ ಸಮಾಧಿಯೊಂದನ್ನು ತೆರೆದಾಗ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ ದೇಹದ ಹನ್ನೊಂದು ಹಾದಿಗಳ ವರ್ಣನೆ ಇದೆ, ಒಣಗಿಸಿದ ಸೊಪ್ಪನ್ನು ಸುಟ್ಟು ಆ ಹಾದಿಗಳಿಗೆ ಕಾವು ಕೊಡುವ ವಿಧಾನವಿದೆ, ಆದರೆ ಸೂಜಿಯ ಪ್ರಸ್ತಾಪವಿಲ್ಲ. ಸೂಜಿಯ ಶಾಸ್ತ್ರ ವ್ಯವಸ್ಥಿತವಾಗಿ ಕಾಣಿಸಿಕೊಳ್ಳುವುದು ಅದರ ನಂತರ ರೂಪುಗೊಂಡ ‘ಹುವಾಂಗ್‌ದಿ ನೇಯ್‌ಜಿಂಗ್’ ಗ್ರಂಥದಲ್ಲಿ. ಅಲ್ಲಿಯೂ ಒಂಬತ್ತು ಬಗೆಯ ಸೂಜಿಗಳನ್ನು ಹೇಳಿದೆ. ಕೆಲವು ಕೀವು ತೆಗೆಯುವ ಚೂರಿಗಳೇ ಹೊರತು ನಿಮ್ಮ ಕೈಯಲ್ಲಿರುವ ಎಳೆಯಂಥವಲ್ಲ. ರಕ್ತ ಹೊರಬಿಡುವುದೂ ಆ ಚಿಕಿತ್ಸೆಯ ಮುಖ್ಯ ಭಾಗವಾಗಿತ್ತು. ಎರಡು ಸಾವಿರ ವರ್ಷವೆಂದರೆ ಅದೇ ಬಹಳವಾಯಿತು, ಅದಕ್ಕೆ ಇನ್ನೂ ಮೂರು ಸಾವಿರವನ್ನು ಸೇರಿಸುವ ಅಗತ್ಯವಿಲ್ಲ.

ಆ ಎರಡು ಸಾವಿರ ವರ್ಷವೂ ಒಂದೇ ಸಮನಾದ ಏರುಗತಿಯದಲ್ಲ. 1757ರಷ್ಟು ಹಿಂದೆಯೇ ಶು ದಾಚುನ್ ಎಂಬ ವೈದ್ಯರು ಸೂಜಿಯ ವಿದ್ಯೆ ನಶಿಸಿಹೋಗುತ್ತಿದೆ ಎಂದು ಬರೆದರು. 1822ರಲ್ಲಿ ದಾವೊಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಸಂಸ್ಥೆಯಿಂದ ಅದನ್ನು ತೆಗೆದುಹಾಕಿದ. 1929ರಲ್ಲಿ ಚೀನಾದ ಅಂದಿನ ಸರ್ಕಾರದ ಮುಂದೆ ದೇಶೀ ವೈದ್ಯವನ್ನೇ ರದ್ದು ಮಾಡುವ ಪ್ರಸ್ತಾವ ಬಂದಿತ್ತು. ದೇಶೀ ವೈದ್ಯರು ಬೀದಿಗಿಳಿದ ಮೇಲೆ ಅದು ಬಿದ್ದುಹೋಯಿತು. ಅದೇ ಕಾಲದಲ್ಲಿ ಚೆಂಗ್ ದಾನ್‌ಆನ್ ಎಂಬುವರು ಪಾಶ್ಚಾತ್ಯ ಅಂಗರಚನಾಶಾಸ್ತ್ರವನ್ನು ಓದಿ, ರಕ್ತನಾಳಗಳ ಮೇಲಿದ್ದ ಬಿಂದುಗಳನ್ನು ಪಕ್ಕಕ್ಕೆ ಸರಿಸಿ, ದಪ್ಪ ಸೂಜಿಗಳ ಬದಲು ತೆಳು ಸೂಜಿಗಳನ್ನು ಬಳಕೆಗೆ ತಂದರು. ಇಂದು ಬೆಂಗಳೂರಿನಲ್ಲಾಗಲಿ ಬರ್ಲಿನ್‌ನಲ್ಲಾಗಲಿ ನೀವು ಕಾಣುವ ಅಕ್ಯುಪಂಕ್ಚರ್ ಬಹುಮಟ್ಟಿಗೆ ಈ ಸುಧಾರಣೆಯ ಫಲ. ಅದರ ವಯಸ್ಸು ನೂರಕ್ಕೆ ಹತ್ತಿರ, ಅಷ್ಟೆ. ಬಿಂದುಗಳನ್ನು ಸರಿಸಿದ ಮೇಲೂ ಚಿಕಿತ್ಸೆ ನಡೆಯಿತು ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

1949ರ ಕ್ರಾಂತಿಯ ನಂತರ ಮಾವೊ ಸರ್ಕಾರದ ಮುಂದೆ ಇದ್ದದ್ದು ಅಪಾರ ಜನಸಂಖ್ಯೆ ಮತ್ತು ಬೆರಳೆಣಿಕೆಯ ಆಧುನಿಕ ವೈದ್ಯರು. ಇದ್ದುದರಲ್ಲೇ ಸಂಸಾರ ತೂಗಿಸಬೇಕಾದ ಆ ಸ್ಥಿತಿಯಲ್ಲಿ ದೇಶೀ ವೈದ್ಯಕ್ಕೆ ಸರ್ಕಾರಿ ಮನ್ನಣೆ, ಕಾಲೇಜು, ಪಠ್ಯಪುಸ್ತಕ ಎಲ್ಲವೂ ದೊರೆತವು. ಅರವತ್ತರ ದಶಕದ ‘ಬರಿಗಾಲ ವೈದ್ಯ’ರ ಚೀಲದಲ್ಲಿ ಲಸಿಕೆಗಳ ಜೊತೆಗೆ ಸೂಜಿಗಳೂ ಇದ್ದವು. ಹಳ್ಳಿಗಳ ಆರೋಗ್ಯ ಸುಧಾರಿಸಿದ್ದು ಲಸಿಕೆ, ನೈರ್ಮಲ್ಯ ಮತ್ತು ಸಾಂಕ್ರಾಮಿಕ ರೋಗಗಳ ನಿಯಂತ್ರಣದಿಂದ ಎಂದು ನಾನು ತಿಳಿದಿದ್ದೇನೆ. ಆದರೆ ಹೊರಗಿನವರ ಕಣ್ಣಿಗೆ ಬಿದ್ದದ್ದು ಸೂಜಿ.

ಇಲ್ಲಿ ಒಂದು ಪಕ್ಕದ ಮಾತು. ಅಕ್ಯುಪಂಕ್ಚರ್ ಭಾರತದ್ದೇ, ಇಲ್ಲಿ ಅದಕ್ಕೆ ‘ಸೂಚಿವೇದ’ ಎಂಬ ಶಾಸ್ತ್ರವಿತ್ತು, ಬೌದ್ಧ ಭಿಕ್ಷುಗಳು ಅದನ್ನು ಚೀನಾಕ್ಕೆ ಒಯ್ದರು ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ಸುಶ್ರುತ ಸಂಹಿತೆಯಲ್ಲಿ ಸೂಜಿಗಳ ವಿವರ ಖಂಡಿತ ಇದೆ, ಆದರೆ ಅದು ಗಾಯ ಹೊಲಿಯುವುದಕ್ಕೆ. ರಕ್ತ ಬಿಡುವ ಸಿರಾವ್ಯಧವಿದೆ, ಸುಡುವ ಅಗ್ನಿಕರ್ಮವಿದೆ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. 107 ಮರ್ಮಗಳ ಪಟ್ಟಿಯೂ ಇದೆ. ಆದರೆ ಸುಶ್ರುತನು ಮರ್ಮಗಳನ್ನು ಹೇಳುವುದು ಅಲ್ಲಿಗೆ ಪೆಟ್ಟು ಬಿದ್ದರೆ ಪ್ರಾಣಕ್ಕೋ ಅಂಗಕ್ಕೋ ಅಪಾಯ, ಶಸ್ತ್ರ ತಾಗದಂತೆ ನೋಡಿಕೊಳ್ಳಿ ಎಂದು. ಚುಚ್ಚಬಾರದ ಜಾಗಗಳ ಪಟ್ಟಿಯನ್ನು ಚುಚ್ಚಬೇಕಾದ ಜಾಗಗಳ ಪಟ್ಟಿಯನ್ನಾಗಿ ಓದುವುದು ಅಭಿಮಾನದ ಅತಿರೇಕ. ನಮ್ಮದಲ್ಲದ್ದನ್ನು ನಮ್ಮದೆನ್ನುವುದರಿಂದ ಸುಶ್ರುತನ ಘನತೆಯೇನೂ ಹೆಚ್ಚುವುದಿಲ್ಲ.

ಪಶ್ಚಿಮಕ್ಕೆ ಈ ಚಿಕಿತ್ಸೆ ಪರಿಚಯವಾದದ್ದು 1971ರಲ್ಲಿ ಎಂಬ ನಂಬಿಕೆ ಇದೆ. ಅದು ಪೂರ್ತಿ ನಿಜವಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲೆಮ್ ಟೆನ್ ರೈನೆ ಜಪಾನಿನಲ್ಲಿ ಇದನ್ನು ಕಂಡು 1683ರಲ್ಲೇ ಲ್ಯಾಟಿನ್ ಭಾಷೆಯಲ್ಲಿ ಬರೆದಿದ್ದ. ಆದರೆ ಸುದ್ದಿಯಾದದ್ದು 1971ರಲ್ಲಿ, ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತರಿಂದ. ‘ನ್ಯೂಯಾರ್ಕ್ ಟೈಮ್ಸ್’ನ ಈ ಹಿರಿಯ ಬರಹಗಾರರು ಆ ಜುಲೈನಲ್ಲಿ ಚೀನಾ ಪ್ರವಾಸದಲ್ಲಿದ್ದಾಗ, ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರ ಕಿಸಿಂಜರ್ ಗುಟ್ಟಾಗಿ ಬೀಜಿಂಗ್‌ಗೆ ಬಂದುಹೋದ ಹೊತ್ತಿಗೇ, ಅವರಿಗೆ ಅಪೆಂಡಿಸೈಟಿಸ್ ಆಯಿತು. ಜುಲೈ 17ರಂದು ಬೀಜಿಂಗ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಜುಲೈ 26ರ ಸಂಚಿಕೆಯಲ್ಲಿ ಅವರ ಲೇಖನ ಅಚ್ಚಾಯಿತು. ‘ಅರಿವಳಿಕೆ ಇಲ್ಲದೆ ಬರೀ ಸೂಜಿ ಚುಚ್ಚಿ ಹೊಟ್ಟೆ ಕೊಯ್ದರು’ ಎಂದು ಇಂದಿಗೂ ಹೇಳುತ್ತಾರೆ. ನಾನು ಅರಿವಳಿಕೆ ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ ನನಗೆ ಈ ಮಾತನ್ನು ಎಷ್ಟೋ ಜನ ಹೇಳಿದ್ದಾರೆ. ಲೇಖನದಲ್ಲಿ ಇರುವುದೇ ಬೇರೆ. ಶಸ್ತ್ರಚಿಕಿತ್ಸೆಗೆ ಮೊದಲು ಅವರಿಗೆ ಎಂದಿನ ಕ್ರಮದಲ್ಲಿ ಝೈಲೊಕೇನ್ ಮತ್ತು ಬೆಂಜೊಕೇನ್ ಕೊಟ್ಟು ಮರಗಟ್ಟಿಸಿದ್ದರು. ಸೂಜಿ ಬಂದದ್ದು ಆಮೇಲೆ, ಎರಡನೆಯ ರಾತ್ರಿ, ಹೊಟ್ಟೆಯುಬ್ಬರದ ತೊಂದರೆ ಕಾಣಿಸಿಕೊಂಡಾಗ. ಬಲಮೊಣಕೈಗೂ ಎರಡು ಮೊಣಕಾಲುಗಳ ಕೆಳಗೂ ಸೂಜಿ ಚುಚ್ಚಿ, ನಮ್ಮ ಮಾಚಿಪತ್ರೆಯ ಜಾತಿಯ ಒಣಸೊಪ್ಪನ್ನು ಉರಿಸಿ ಹೊಟ್ಟೆಯ ಹತ್ತಿರ ಹಿಡಿದರು. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತು ಎಂದು ರೆಸ್ಟನ್ ಬರೆದಿದ್ದಾರೆ. ಹೊಟ್ಟೆ ಕೊಯ್ದವರ ಉಬ್ಬರ ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುವುದೂ ಉಂಟು. ಆ ಒಂದು ಪ್ರಸಂಗದಿಂದ ಹೌದೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು.

ಮರುವರ್ಷ ಫೆಬ್ರುವರಿಯಲ್ಲಿ ನಿಕ್ಸನ್ ಚೀನಾಕ್ಕೆ ಹೋದರು, ಅವರ ವೈದ್ಯರು ಸೂಜಿಯ ಅರಿವಳಿಕೆಯಲ್ಲಿ ನಡೆದ ಶಸ್ತ್ರಚಿಕಿತ್ಸೆಗಳನ್ನು ನೋಡಿ ಬೆರಗಾಗಿ ಮರಳಿದರು. ಆ ಪ್ರದರ್ಶನಗಳಿಗೆ ರೋಗಿಗಳನ್ನು ಆರಿಸಿ ತೆಗೆಯುತ್ತಿದ್ದರೆಂಬುದೂ, ಸೂಜಿಯ ಜೊತೆಗೆ ಮಂಪರಿನ ಔಷಧ, ಸ್ಥಳೀಯ ಅರಿವಳಿಕೆ ಎರಡನ್ನೂ ಕೊಡುವುದಿತ್ತೆಂಬುದೂ ನಂತರ ಬೆಳಕಿಗೆ ಬಂತು. 1973ರಲ್ಲಿ ಅಮೆರಿಕದ ನೆವಾಡ ರಾಜ್ಯ ಅಕ್ಯುಪಂಕ್ಚರ್‌ಗೆ ಕಾನೂನಿನ ಮಾನ್ಯತೆ ಕೊಟ್ಟಿತು.

ಭಾರತಕ್ಕೆ ಅದು ಬಂದದ್ದು ಅಮೆರಿಕದ ದಾರಿಯಿಂದಲ್ಲ, ನೇರವಾಗಿ, ಅದಕ್ಕೂ ಮೊದಲು. 1938ರಲ್ಲಿ ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರ ತಂಡವನ್ನು ಕಳಿಸಿತು. ಅವರಲ್ಲಿ ಒಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. ಕನ್ನಡ ಮಾತು ಇಂದಿಗೂ ಬೀದಿಯಲ್ಲಿ ಕೇಳಿಸುವ ಆ ಊರಿನ ಈ ವೈದ್ಯರು 1942ರ ಡಿಸೆಂಬರ್‌ನಲ್ಲಿ ಚೀನಾದಲ್ಲೇ ತೀರಿಕೊಂಡರು, ಆಗ ಅವರಿಗೆ 32 ವರ್ಷ. ತಂಡದ ಇನ್ನೊಬ್ಬರು ಬಂಗಾಳದ ಬಿಜೊಯ್ ಕುಮಾರ್ ಬಸು. ಅವರು ಮರಳಿ ಬಂದು, ಐವತ್ತರ ದಶಕದ ಕೊನೆಯಲ್ಲಿ ಮತ್ತೊಮ್ಮೆ ಚೀನಾಕ್ಕೆ ಹೋಗಿ ಸೂಜಿಯ ವಿದ್ಯೆಯನ್ನು ಕಲಿತು, 1959ರಲ್ಲಿ ಕೊಲ್ಕತ್ತಾದಲ್ಲಿ ಚಿಕಿತ್ಸೆ ಆರಂಭಿಸಿದರು. ಇದರ ಕುರಿತು ಪ್ರತ್ಯೇಕ ಕಾಯ್ದೆಯನ್ನು 1996ರಲ್ಲಿ ಪಶ್ಚಿಮ ಬಂಗಾಳ ಮಾಡಿತು, ಬಹಳ ತಡವಾಗಿ ಮಹಾರಾಷ್ಟ್ರವೂ ಮಾಡಿತು. ಕೇಂದ್ರ ಸರ್ಕಾರ 2003ರ ಆದೇಶದಲ್ಲಿ ಇದನ್ನು ಸ್ವತಂತ್ರ ವೈದ್ಯಪದ್ಧತಿಯೆನ್ನದೆ ಒಂದು ಚಿಕಿತ್ಸಾ ವಿಧಾನವೆಂದಷ್ಟೇ ಪರಿಗಣಿಸಿತ್ತು. 2019ರ ಫೆಬ್ರುವರಿಯಲ್ಲಿ ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿತು. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಬದುಕಿರುವುದು ಪ್ರಕೃತಿ ಚಿಕಿತ್ಸೆಯ ಆಶ್ರಯದಲ್ಲಿ. ಉಜಿರೆಯಂತಹ ಕಡೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಯಾದ ಬಿ.ಎನ್.ವೈ.ಎಸ್. ಓದುವ ವಿದ್ಯಾರ್ಥಿಗಳಿಗೆ ಅಕ್ಯುಪಂಕ್ಚರ್ ಒಂದು ಪಾಠವಿಷಯ. ಉಪವಾಸ, ಮಣ್ಣಿನ ಪಟ್ಟಿ, ತೊಟ್ಟಿಸ್ನಾನಗಳ ನಡುವೆ ಚೀನಾದ ಸೂಜಿಗೆ ಜಾಗ ಸಿಕ್ಕಿದ್ದು ತರ್ಕದಿಂದಲ್ಲ, ಔಷಧವಿಲ್ಲದ ಚಿಕಿತ್ಸೆಯೆಂಬ ಒಂದೇ ನಂಟಿನಿಂದ.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಮಾತ್ರೆಯನ್ನು ಪರೀಕ್ಷಿಸುವುದು ಸುಲಭ. ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತಿರುವುದಿಲ್ಲ. ಸೂಜಿಗೆ ಹುಸಿ ಸೂಜಿಯನ್ನು ಎಲ್ಲಿಂದ ತರುವುದು? ಚುಚ್ಚಿದರೆ ಚುಚ್ಚಿದ್ದು ಗೊತ್ತಾಗುತ್ತದೆ. ಸಂಶೋಧಕರು ಎರಡು ಉಪಾಯ ಮಾಡಿದರು. ಒಂದು, ಶಾಸ್ತ್ರದಲ್ಲಿ ಹೇಳದ ಜಾಗದಲ್ಲಿ ಮೇಲುಮೇಲೆ ಚುಚ್ಚುವುದು. ಇನ್ನೊಂದು, 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಮೊಂಡು ಸೂಜಿ. ಕಂಪನಿ ನಾಟಕದ ಕತ್ತಿ ಎದುರಾಳಿಯ ಎದೆಗೆ ತಾಗಿದೊಡನೆ ಹಿಡಿಕೆಯೊಳಗೆ ಸರಿಯುವಂತೆ, ಇದರ ಎಳೆಯೂ ಚರ್ಮಕ್ಕೆ ತಾಗಿದೊಡನೆ ಹಿಡಿಕೆಯೊಳಗೆ ಜಾರುತ್ತದೆ. ಚುಕ್ಕೆಯಷ್ಟು ಒತ್ತಡ ತಿಳಿಯುತ್ತದೆ, ಸೂಜಿ ಗಿಡ್ಡವಾದದ್ದು ಕಣ್ಣಿಗೆ ಕಾಣುತ್ತದೆ, ಒಳಗೆ ಇಳಿದಿರುವುದಿಲ್ಲ. 60 ಮಂದಿ ಸ್ವಯಂಸೇವಕರ ಮೇಲೆ ಎರಡನ್ನೂ ಪ್ರಯೋಗಿಸಿದಾಗ, ನಿಜವಾದ ಸೂಜಿ ಒಳಹೋದದ್ದು ತಿಳಿಯಿತು ಎಂದವರು 54 ಮಂದಿ. ಒಳಹೋಗದ ಸೂಜಿ ಒಳಹೋಯಿತು ಎಂದವರು 47 ಮಂದಿ.

ಈ ಬಗೆಯ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ. ಅಲ್ಲಿನ ಆರೋಗ್ಯ ವಿಮಾ ಸಂಸ್ಥೆಗಳಿಗೆ ಅಕ್ಯುಪಂಕ್ಚರ್‌ಗೆ ಹಣ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾಗಿತ್ತು. ವರ್ಷಗಟ್ಟಲೆ ಸೊಂಟನೋವಿನಿಂದ ನರಳುತ್ತಿದ್ದ 1,162 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚೀನಾದ ಶಾಸ್ತ್ರ ಹೇಳುವ ಬಿಂದುಗಳಲ್ಲಿ ಸರಿಯಾದ ಆಳಕ್ಕೆ ಸೂಜಿ. ಎರಡನೆಯದಕ್ಕೆ ಶಾಸ್ತ್ರದ ಬಿಂದುಗಳನ್ನು ಬೇಕೆಂದೇ ತಪ್ಪಿಸಿ, ಮೇಲುಮೇಲೆ ಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೊಥೆರಪಿ, ವ್ಯಾಯಾಮಗಳ ಎಂದಿನ ಚಿಕಿತ್ಸೆ. ಆರು ತಿಂಗಳ ನಂತರ ಗಣನೀಯವಾಗಿ ಸುಧಾರಿಸಿದವರು ಎಂದಿನ ಚಿಕಿತ್ಸೆಯಲ್ಲಿ ಶೇ 27.4, ಶಾಸ್ತ್ರದ ಸೂಜಿಯಲ್ಲಿ ಶೇ 47.6. ಅಕ್ಯುಪಂಕ್ಚರ್ ಗೆದ್ದಿತು ಎನ್ನುವಷ್ಟರಲ್ಲಿ ಎರಡನೆಯ ಗುಂಪನ್ನು ನೋಡಿ: ತಪ್ಪು ಜಾಗದಲ್ಲಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಸುಧಾರಿಸಿದವರು ಶೇ 44.2.

ಈ ಮೂರು ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಕ್ಯುಪಂಕ್ಚರ್ ಬರೀ ಬೂಟಾಟಿಕೆ ಎನ್ನುವವರು ಮೊದಲನೆಯ ಅಂತರಕ್ಕೆ ಉತ್ತರಿಸಬೇಕು; ನಾವು ದಿನವೂ ಬರೆದುಕೊಡುವ ಚಿಕಿತ್ಸೆಗಿಂತ ಸೂಜಿಯ ಎರಡು ಗುಂಪುಗಳೂ ಬಹಳ ಮುಂದಿವೆ. ಚೀ, ಹಾದಿ, ಬಿಂದು ಎಂದು ಶಾಸ್ತ್ರ ಹೇಳುವವರು ಎರಡನೆಯ ಅಂತರಕ್ಕೆ ಉತ್ತರಿಸಬೇಕು. ವರ್ಷಗಟ್ಟಲೆ ಕಲಿತ ಬಿಂದುಗಳಿಗೂ ಕಲಿಯದ ಜಾಗಕ್ಕೂ ನಡುವೆ ಉಳಿದದ್ದು ಮೂರೂವರೆ ಅಂಶ ಮಾತ್ರ, ಅದೂ ಆಕಸ್ಮಿಕವೆನ್ನಬಹುದಾದಷ್ಟು ಸಣ್ಣದು. ಸೂಜಿ ಚಿಕಿತ್ಸೆಯಿಂದ ಉಪಶಮನ ಸಿಗುವುದು ನಿಜ, ಆದರೆ ಶಾಸ್ತ್ರ ಹೇಳುವ ಕಾರಣಕ್ಕಲ್ಲ. ಇಂದು ನಾನು ಹೇಳಬೇಕೆಂದಿರುವುದು ಇದೇ, ಉಳಿದದ್ದೆಲ್ಲ ಇದರ ವಿಸ್ತರಣೆ.

ಒಂದೇ ಅಧ್ಯಯನವನ್ನು ನೆಚ್ಚಬೇಕಾಗಿಲ್ಲ. 2012ರಲ್ಲಿ ಆಂಡ್ರ್ಯೂ ವಿಕರ್ಸ್ ಮತ್ತು ಸಂಗಡಿಗರು ಸೊಂಟ, ಕುತ್ತಿಗೆ, ಮೊಣಕಾಲು ಮತ್ತು ತಲೆನೋವುಗಳ 29 ಪರೀಕ್ಷೆಗಳಿಂದ 17,922 ರೋಗಿಗಳ ಮೂಲ ದಾಖಲೆಗಳನ್ನೇ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಅವರೇ ಕೊಟ್ಟ ಉದಾಹರಣೆಯನ್ನು ಹೇಳುತ್ತೇನೆ. ನೂರಕ್ಕೆ 60ರಷ್ಟು ನೋವಿರುವ ರೋಗಿಗಳನ್ನು ಊಹಿಸಿಕೊಳ್ಳಿ. ಸೂಜಿ ಇಲ್ಲದವರ ನೋವು 43ಕ್ಕೆ ಇಳಿದರೆ, ಹುಸಿ ಸೂಜಿಯವರದು 35ಕ್ಕೆ, ನಿಜವಾದ ಸೂಜಿಯವರದು 30ಕ್ಕೆ ಇಳಿಯುತ್ತದೆ. ಸೂಜಿ ಇಲ್ಲದೆಯೂ 17 ಅಂಶ ಇಳಿದದ್ದನ್ನು ಮೊದಲು ಗಮನಿಸಿ. ನೋವು ಹೆಚ್ಚಾದಾಗಲೇ ಜನ ಚಿಕಿತ್ಸೆಗೆ ಬರುತ್ತಾರೆ, ಕಾಲ ಕಳೆದಂತೆ ಅದು ತಾನಾಗಿಯೂ ತಗ್ಗುತ್ತದೆ. ಅದರಾಚೆಗೆ ಸಿಕ್ಕ 13 ಅಂಶಗಳಲ್ಲಿ 8 ಹುಸಿ ಸೂಜಿಗೂ ಸಿಕ್ಕಿವೆ. ಬಿಂದುವಿನ ಪಾಲು ಉಳಿದ 5. ವಿಕರ್ಸ್ ಈ 5 ನಿಜವೆನ್ನುತ್ತಾರೆ. ಚುಚ್ಚುವವರಿಗೆ ತಾವು ಚುಚ್ಚುತ್ತಿರುವುದು ನಿಜವೋ ಹುಸಿಯೋ ಎಂಬುದು ಗೊತ್ತಿರುತ್ತದೆ, ಅವರ ಮುಖಭಾವ, ಮಾತು, ಉತ್ಸಾಹ ರೋಗಿಗೆ ತಲುಪುತ್ತದೆ, ಆದ್ದರಿಂದ ಆ 5ರಲ್ಲೂ ಒಂದಿಷ್ಟನ್ನು ಕಳೆಯಬೇಕು ಎನ್ನುತ್ತಾರೆ ಟೀಕಾಕಾರರು. ನಾನು ಟೀಕಾಕಾರರ ಕಡೆಗೆ ಸ್ವಲ್ಪ ವಾಲುತ್ತೇನೆ.

ಹಾಗೆ ವಾಲುವುದಕ್ಕೆ 2008ರಲ್ಲಿ ಬಾಸ್ಟನ್‌ನ ಟೆಡ್ ಕ್ಯಾಪ್ಚಕ್ ಮತ್ತು ತಂಡ ಪ್ರಕಟಿಸಿದ ಪರೀಕ್ಷೆ ಕಾರಣ. ಪದೇಪದೇ ಹೊಟ್ಟೆನೋವು, ಭೇದಿ, ಮಲಬದ್ಧತೆಗಳಿಂದ ಕಾಡುವ ಇರಿಟಬಲ್ ಬವೆಲ್ ತೊಂದರೆಯ 262 ಮಂದಿ ಇದರಲ್ಲಿದ್ದರು. ಇಲ್ಲಿ ಯಾರಿಗೂ ನಿಜವಾದ ಸೂಜಿಯಿಲ್ಲ, ಆಗಲೇ ಹೇಳಿದ ಮೊಂಡು ಸೂಜಿಯೇ ಎಲ್ಲ. ಒಂದು ಗುಂಪನ್ನು ಕಾಯುವವರ ಪಟ್ಟಿಯಲ್ಲಿಟ್ಟರು. ಎರಡನೆಯ ಗುಂಪಿಗೆ ಚಿಕಿತ್ಸಕರು ಹೆಚ್ಚು ಮಾತಾಡದೆ ಸೂಜಿ ಇಟ್ಟು ಹೋದರು. ಮೂರನೆಯ ಗುಂಪಿನವರ ಜೊತೆ ಮೊದಲ ಭೇಟಿಯಲ್ಲಿ ಮುಕ್ಕಾಲು ಗಂಟೆ ಕುಳಿತು, ತೊಂದರೆ ಯಾವಾಗ ಶುರುವಾಯಿತು, ಊಟವೇನು, ನಿದ್ರೆ ಹೇಗೆ, ಕೆಲಸದ ಕಷ್ಟವೇನು ಎಂದೆಲ್ಲ ಕೇಳಿ, ಕೈ ಮುಟ್ಟಿ, ಭರವಸೆ ಕೊಟ್ಟು, ಅದೇ ಮೊಂಡು ಸೂಜಿಯನ್ನು ಇಟ್ಟರು. ಮೂರು ವಾರಗಳಲ್ಲಿ ಸಾಕಷ್ಟು ಉಪಶಮನವಾಯಿತು ಎಂದವರು ಕ್ರಮವಾಗಿ ಶೇ 28, ಶೇ 44 ಮತ್ತು ಶೇ 62. ನಮ್ಮ ಹೊರರೋಗಿ ವಿಭಾಗಗಳಲ್ಲಿ ಒಬ್ಬ ರೋಗಿಗೆ ಸಿಗುವ ನಿಮಿಷಗಳನ್ನು ನೀವು ಬಲ್ಲಿರಿ. ಸೊಂಟನೋವಿನ ಹೆಂಗಸೊಬ್ಬರು ನನಗೆ ಹೇಳಿದ್ದುಂಟು: “ಸಾರ್, ಅಲ್ಲಿ ಅವರು ನಾನು ನೀರು ಎಲ್ಲಿಂದ ಹೊತ್ತು ತರ್ತೀನಿ ಅಂತ ಕೇಳಿದ್ರು.” ಅವರು ದಿನವೂ ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟು ಮೂರನೆಯ ಮಹಡಿಗೆ ಹತ್ತುತ್ತಿದ್ದರು. ಅದು ಅವರ ಎಕ್ಸ್-ರೇಯಲ್ಲಿ ಕಾಣುವ ಸಂಗತಿಯಲ್ಲ.

ಹಾಗಾದರೆ ಎಲ್ಲವೂ ಬರೀ ಮನಸ್ಸಿನ ಆಟವೇ ಎಂದು ಕೇಳುತ್ತೀರಿ. ‘ಬರೀ’ ಎಂಬ ಮಾತು ಇಲ್ಲಿ ಸಲ್ಲದು. 1976–77ರ ಸುಮಾರಿಗೆ ಸೂಜಿಯಿಂದ ಸಿಗುವ ನೋವುಪಶಮನವು ನಲಾಕ್ಸೋನ್ ಎಂಬ ಔಷಧ ಕೊಟ್ಟರೆ ಕುಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿದವು. ನಲಾಕ್ಸೋನ್ ಮಾರ್ಫಿನ್‌ನ ಕೆಲಸವನ್ನು ತಡೆಯುವ ಔಷಧ. ಅಂದರೆ ಸೂಜಿ ಚುಚ್ಚಿದಾಗ ದೇಹವು ತನ್ನದೇ ಮಾರ್ಫಿನ್‌ನಂತಹ ಎಂಡಾರ್ಫಿನ್‌ಗಳನ್ನು ಬಿಡುಗಡೆ ಮಾಡುತ್ತಿರಬೇಕು. ಅಕ್ಯುಪಂಕ್ಚರ್ ಪ್ರಚಾರಕರು ಇದನ್ನು ವೈಜ್ಞಾನಿಕ ಪುರಾವೆಯೆಂದು ಇಂದಿಗೂ ಹೇಳುತ್ತಾರೆ, ಮುಂದಿನ ವರ್ಷದ ಫಲಿತಾಂಶವನ್ನು ಹೇಳುವುದಿಲ್ಲ. 1978ರಲ್ಲಿ ಜಾನ್ ಲಿವೈನ್ ಮತ್ತು ಸಂಗಡಿಗರು, ದವಡೆ ಹಲ್ಲು ಕೀಳಿಸಿಕೊಂಡವರಿಗೆ ಹುಸಿ ಔಷಧದಿಂದ ಸಿಕ್ಕ ಉಪಶಮನವೂ ನಲಾಕ್ಸೋನ್‌ನಿಂದ ಕುಗ್ಗುತ್ತದೆ ಎಂದು ತೋರಿಸಿದರು. ಎಂಡಾರ್ಫಿನ್ ಎರಡರಲ್ಲೂ ಇದೆ. ಆದ್ದರಿಂದ ಅದು ಬಿಂದುವಿನ ಪರವಾದ ಸಾಕ್ಷಿಯಲ್ಲ. ಹುಸಿ ಚಿಕಿತ್ಸೆಯೆಂದು ನಾವು ಹಗುರವಾಗಿ ಕರೆಯುವುದರ ಹಿಂದೆಯೂ ಗಟ್ಟಿಯಾದ ರಸಾಯನವಿದೆ ಎಂಬುದಕ್ಕೆ ಸಾಕ್ಷಿ. ಇಲಿಗಳ ಮೇಲಿನ ಪ್ರಯೋಗಗಳು ಇನ್ನೂ ಮುಂದೆ ಹೋಗಿವೆ. 2010ರಲ್ಲಿ ಸೂಜಿ ತಿರುಗಿಸಿದ ಜಾಗದಲ್ಲಿ ನೋವು ತಗ್ಗಿಸುವ ಅಡಿನೊಸಿನ್ ಎಂಬ ರಾಸಾಯನಿಕ ಹೆಚ್ಚುವುದನ್ನೂ, 2021ರಲ್ಲಿ ಹಿಂಗಾಲಿನ ಒಂದು ಬಗೆಯ ನರಗಳನ್ನು ವಿದ್ಯುತ್ ಸೂಜಿಯಿಂದ ಪ್ರಚೋದಿಸಿದರೆ ಉರಿಯೂತ ತಗ್ಗುವುದನ್ನೂ ಕಂಡಿದ್ದಾರೆ. ಆ ಜಾಗ ಮೊದಲೇ ಹೇಳಿದ ತ್ಸುಸಾನ್‌ಲಿಗೆ ಸಮನಾದದ್ದು. ಇವು ಕುತೂಹಲ ಹುಟ್ಟಿಸುವ ಕೆಲಸಗಳು. ಆದರೆ ಇಲಿಯ ಕಾಲಿನಲ್ಲಿ ಕಂಡ ನರದಿಂದ ಮನುಷ್ಯನ ಮೈತುಂಬ 361 ಬಿಂದುಗಳಿಗೆ ಸಮರ್ಥನೆ ದೊರೆಯುವುದಿಲ್ಲ.

ನಾನು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ, ಸರ್ಕಾರಗಳೂ ಸಂಸ್ಥೆಗಳೂ ಇದೇ ಸಾಕ್ಷ್ಯದ ಮುಂದೆ ಹೇಗೆ ತಡವರಿಸಿವೆ ನೋಡಿ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ‘ನೈಸ್’ 2009ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಕೊಡಬಹುದು ಎಂದಿತು. 2016ರಲ್ಲಿ, ಹುಸಿ ಸೂಜಿಗಿಂತ ಹೆಚ್ಚಿನ ಲಾಭ ಕಾಣದು ಎಂದು ಕೊಡಬೇಡಿ ಎಂದಿತು. 2021ರಲ್ಲಿ, ಬೇರೆ ಕಾರಣ ತಿಳಿಯದ ದೀರ್ಘಕಾಲದ ನೋವಿಗೆ ಪರಿಗಣಿಸಬಹುದು ಎಂದಿತು. ಜರ್ಮನಿ 2006ರಲ್ಲೇ ಸೊಂಟನೋವಿಗೂ ಮೊಣಕಾಲಿನ ಸವೆತಕ್ಕೂ ವಿಮೆಯ ಹಣ ಕೊಡಲು ಒಪ್ಪಿತು. ರೋಗಿಗೆ ಗುಣವಾದರೆ ಸಾಕು ಎಂದರೆ ಜರ್ಮನಿಯ ದಾರಿ ಸರಿ, ಸೂಜಿಗೇ ಗುಣವಿರಬೇಕು ಎಂದರೆ 2016ರ ಬ್ರಿಟನ್ನಿನ ದಾರಿ ಸರಿ. ನನ್ನ ಅಭಿಪ್ರಾಯ ಕೇಳಿದರೆ, ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ತಂದುಕೊಳ್ಳುವುದಕ್ಕಿಂತ, ಬಲ್ಲವರ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳುವುದನ್ನು ನಾನು ತಡೆಯುವುದಿಲ್ಲ. ದೀರ್ಘಕಾಲದ ಸೊಂಟ, ಕುತ್ತಿಗೆ, ಮೊಣಕಾಲು ನೋವು, ಪದೇಪದೇ ಬರುವ ಅರೆತಲೆನೋವು, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ: ಇಷ್ಟಕ್ಕೆ ಆಧಾರವಿದೆ. ಚೀನಾದಿಂದ ಬಂದ ಪ್ರಬಂಧಗಳನ್ನು ತೋರಿಸಿ ಪಾರ್ಶ್ವವಾಯು, ಬಂಜೆತನ, ಬೊಜ್ಜು ಎಲ್ಲಕ್ಕೂ ಆಧಾರವಿದೆ ಎನ್ನುವವರಿಗೆ ಒಂದು ಮಾತು: 1998ರ ಒಂದು ವಿಮರ್ಶೆಯಲ್ಲಿ, ಚೀನಾದಲ್ಲಿ ನಡೆದ ಅಕ್ಯುಪಂಕ್ಚರ್ ಪರೀಕ್ಷೆಗಳೆಲ್ಲವೂ, ಒಂದನ್ನೂ ಬಿಡದೆ, ಯಶಸ್ವಿಯಾಗಿದ್ದವು. ಎಲ್ಲ ವಿದ್ಯಾರ್ಥಿಗಳೂ ಪ್ರಥಮ ದರ್ಜೆಯಲ್ಲಿ ಪಾಸಾದ ಶಾಲೆಯ ಪರೀಕ್ಷಾ ಕೊಠಡಿಯನ್ನು ಒಮ್ಮೆ ನೋಡಿ ಬರಬೇಕಾಗುತ್ತದೆ.

ಅಪಾಯಗಳ ಬಗ್ಗೆ ಎರಡು ಮಾತು. ಸೂಜಿಯ ಅಪಾಯ ಸಣ್ಣದು. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದಾಗ ಶೇ 8.6ರಷ್ಟು ಮಂದಿಗೆ ಏನಾದರೊಂದು ತೊಂದರೆಯಾಗಿತ್ತು, ಬಹುಪಾಲು ರಕ್ತ ಒಸರುವುದು, ಚರ್ಮ ಕಂದುವುದು ಅಷ್ಟೆ. ಎದೆಯಲ್ಲಿ ಆಳಕ್ಕಿಳಿದ ಸೂಜಿ ಶ್ವಾಸಕೋಶದ ಪೊರೆಯನ್ನು ತೂತು ಮಾಡಿದ್ದು ಇಬ್ಬರಿಗೆ. ಆದರೆ ಆ ಚಿಕಿತ್ಸಕರೆಲ್ಲ ತರಬೇತಿ ಪಡೆದ ವೈದ್ಯರಾಗಿದ್ದರು, ನಮ್ಮಲ್ಲಿ ವಾರಾಂತ್ಯದ ಶಿಬಿರದಲ್ಲಿ ಕಲಿತು ಬೋರ್ಡು ಹಾಕುವವರಿಗೆ ಈ ಅಂಕಿ ಅನ್ವಯಿಸದು. ದೊಡ್ಡ ಅಪಾಯವಿರುವುದು ಸೂಜಿಯಲ್ಲಲ್ಲ, ಸೂಜಿಯ ಜೊತೆಗೆ ಕೊಡುವ ಸಲಹೆಯಲ್ಲಿ. ಪರೀಕ್ಷೆ ಬೇಡ, ಮಾತ್ರೆ ನಿಲ್ಲಿಸಿ, ಸಕ್ಕರೆ ಕಾಯಿಲೆಯೇ ಸುಳ್ಳು, ನಾಡಿ ಹಿಡಿದರೆ ಎಲ್ಲ ತಿಳಿಯುತ್ತದೆ ಎನ್ನುವ ಗುಂಪುಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಇವೆ. 2024ರ ಫೆಬ್ರುವರಿಯಲ್ಲಿ ತಿರುವನಂತಪುರದಲ್ಲಿ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಹೆರಿಗೆಗೆ ನಿಂತ ಮಹಿಳೆಯೊಬ್ಬರೂ ಅವರ ಕೂಸೂ ತೀರಿಕೊಂಡರು. ಆ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಅಕ್ಯುಪಂಕ್ಚರ್ ಚಿಕಿತ್ಸಕನೂ ಒಬ್ಬ. ಇನ್ಸುಲಿನ್ ಅವಲಂಬಿಸಿದ ಮಗುವಿಗೆ, ಎದೆನೋವಿಗೆ, ಗಂಟಾಗಿರುವ ಸ್ತನಕ್ಕೆ, ಮೂರ್ಛೆರೋಗದ ಮಾತ್ರೆಗೆ ಪರ್ಯಾಯವಾಗಿ ಸೂಜಿಯನ್ನು ಯಾರಾದರೂ ಸೂಚಿಸಿದರೆ ಅಲ್ಲಿಂದ ಎದ್ದುಬರಬೇಕು. ಅಕ್ಯುಪಂಕ್ಚರ್ ಯಾವುದಕ್ಕೂ ಪರ್ಯಾಯವಲ್ಲ, ಕೆಲವು ನೋವುಗಳಿಗೆ ಪೂರಕ.

ನಿಮ್ಮಲ್ಲಿ ಕೆಲವರು ನಾಳೆಯೇ ಹೋಗಬೇಕೆಂದಿರುವವರು ಇರಬಹುದು. ನೋವಿಗೆ ಕಾರಣವೇನೆಂದು ಮೊದಲು ವೈದ್ಯರಿಂದ ತಿಳಿದುಕೊಳ್ಳಿ. ರಾತ್ರಿ ಎಬ್ಬಿಸುವ ಸೊಂಟನೋವು, ಜ್ವರ, ತೂಕ ಇಳಿಯುವುದು, ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಸೂಜಿಯ ಮಾತೇ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಚಿಕಿತ್ಸಕರಿಗೆ ಮೊದಲೇ ಹೇಳಿ. ಪೇಸ್‌ಮೇಕರ್ ಇರುವವರು ವಿದ್ಯುತ್ ಹಾಯಿಸುವ ಸೂಜಿಯನ್ನು ಒಪ್ಪಿಕೊಳ್ಳಬೇಡಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯಬೇಕು, ಬಳಸಿದ್ದು ಗಟ್ಟಿ ಡಬ್ಬಿಗೆ ಬೀಳಬೇಕು. ಎಷ್ಟು ಸಲ ಬರಬೇಕು ಎಂಬ ಪ್ರಶ್ನೆಗೆ ‘ಗುಣವಾಗುವವರೆಗೆ’ ಎಂಬ ಉತ್ತರವನ್ನು ಒಪ್ಪಬೇಡಿ. ಅಮೆರಿಕದಲ್ಲಿ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ 2020ರಿಂದ ದೀರ್ಘಕಾಲದ ಸೊಂಟನೋವಿಗೆ ಮಾತ್ರ ಈ ಚಿಕಿತ್ಸೆಯ ವೆಚ್ಚ ಕೊಡುತ್ತಿದೆ: 90 ದಿನಗಳಲ್ಲಿ 12 ಸಲ, ಸುಧಾರಣೆ ಕಂಡರೆ ಮತ್ತೆ 8 ಸಲ, ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಕೈಯಿಂದ ಹಣ ಕೊಡುವ ನಮ್ಮವರೂ ಈ ಲೆಕ್ಕವನ್ನು ಮೊದಲ ದಿನವೇ ಮಾತಾಡಿಕೊಂಡು ಮಂಚದ ಮೇಲೆ ಮಲಗುವುದು ಒಳ್ಳೆಯದು.